ನೀರು ಕುಡಿಯದ ಶಾಲು

ನಾನು 29 ವರ್ಷ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಈ ಮೂರೂ ದಿನನಿತ್ಯ ಕೆಲಸಕ್ಕೆ ಬೀಳುವ ಜಾಗದಲ್ಲಿ, ಎಂದರೆ ನಮ್ಮದೇ ಮನೆಯ ಪಾತ್ರೆ ತೊಳೆಯುವ ಕಟ್ಟೆಯ ಬಳಿ, 58ನೆಯ ವಯಸ್ಸಿನವರೆಗೆ ನಾನು ಒಂದು ಲೋಟವನ್ನೂ ಸರಿಯಾಗಿ ತಿಕ್ಕಿದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ಆಟಿಯ ಮಳೆ ಸುರಿಯುತ್ತಿದ್ದ ಒಂದು ಬೆಳಗ್ಗೆ ನನ್ನ ಹೆಂಡತಿ ಹಟ್ಟಿಯಿಂದ ಹಾಲಿನ ಚೆಂಬು ಹಿಡಿದು ಬರುವಾಗ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು, ಆಮೇಲೆಯೂ ಭಾರ ಎತ್ತಬಾರದು, ಕೈ ಹಿಂಡಬಾರದು ಎಂದು ವೈದ್ಯರ ಅಪ್ಪಣೆ. ಮಗಳು ದೂರದೂರಿನಲ್ಲಿ. ಮನೆಯಲ್ಲಿ ಉಳಿದವರು ನಾನು, ಮತ್ತು ಜಗಲಿಯ ಬೆತ್ತದ ಕುರ್ಚಿಯಿಂದ ಹೆಚ್ಚು ಏಳಲಾಗದ, ಆದರೆ ಅಡುಗೆಮನೆಯ ಸಣ್ಣ ಸದ್ದನ್ನೂ ಅಲ್ಲಿಂದಲೇ ಕೇಳಿ ಅರ್ಥಮಾಡಿಕೊಳ್ಳಬಲ್ಲ 84ರ ಅಮ್ಮ.

ಮೊದಲ ದಿನ ನಾನು ಮಾಡಿದ ಕೆಲಸವೆಂದರೆ ಪೇಟೆಗೆ ಹೋಗಿ ಒಂದು ಚೀಲ ತುಂಬ ಸಾಮಾನು ತಂದದ್ದು. ಹಸಿರು ಬಣ್ಣದ ತಿಕ್ಕುವ ಪ್ಯಾಡು, ಸ್ಟೀಲಿನ ಜುಂಗು, ಬಾಟಲಿಗೆ ಬೇರೆ ಬ್ರಶ್ಶು, ನಲ್ಲಿಗೆ ಬೇರೆ ಬ್ರಶ್ಶು, ಗಾಜಿಗೊಂದು ನೀಲಿ ನೀರು, ಟೈಲ್ಸಿಗೊಂದು ಹಳದಿ ನೀರು. ಅಮ್ಮ ಚೀಲದೊಳಗೆ ಕೈಹಾಕಿ ಒಂದೊಂದನ್ನೇ ಹೊರತೆಗೆದು ನೋಡಿದರು. "ಬ್ರಶ್ಶು ಎಂತಕೆ ಮಾಣಿ? ಸಿಪ್ಪೆ ಇದ್ದನ್ನೆ" ಎಂದರು. ಅಷ್ಟೆ. ಎಲ್ಲವನ್ನೂ ಮತ್ತೆ ಚೀಲದೊಳಗೆ ಇಟ್ಟು ನನ್ನ ಕಡೆಗೆ ದೂಡಿದರು.

ಸಿಪ್ಪೆಯೆಂದರೆ ತೆಂಗಿನಕಾಯಿಯದು. ಕಾಯಿ ಸುಲಿದ ಮೇಲೆ ಉಳಿದ ಸಿಪ್ಪೆಯಿಂದ ಅಂಗೈಯಗಲದ ತುಂಡನ್ನು ಕಿತ್ತು, ಒಳಬದಿಯ ಪುಡಿಯನ್ನು ಕೊಡವಿ, ನಾರನ್ನು ಕೈಯಲ್ಲಿ ಉಜ್ಜಿ ಬಿಡಿಸಿ ಮುದ್ದೆ ಮಾಡಿದರೆ ಆಯಿತು. ಆ ನಾರಿನಲ್ಲಿ ಲಿಗ್ನಿನ್ ಎಂಬ ವಸ್ತು ಹೇರಳವಾಗಿರುವುದರಿಂದ ಅದು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ, ಹತ್ತಿಯಂತೆ ಮೆತ್ತಗಾಗುವುದೂ ಇಲ್ಲ. ತಳ ಹಿಡಿದ ಅನ್ನವನ್ನು ಕೆರೆಯುವಷ್ಟು ಗಡಸು, ಸ್ಟೀಲಿನ ಮೇಲೆ ಗೀರು ಬೀಳದಷ್ಟು ಮೃದು. ನಮ್ಮ ಕಾಸರಗೋಡಿನಲ್ಲಿ 1916ರಲ್ಲಿ ಆಗಿನ ಮದ್ರಾಸ್ ಸರಕಾರ ಆರಂಭಿಸಿದ ತೆಂಗು ಸಂಶೋಧನಾ ಕೇಂದ್ರವೇ ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿಗೆ ನಾನು ಹಲವು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ತೆಂಗಿನ ಬಗ್ಗೆ ಉದ್ದುದ್ದ ವಿವರಿಸಿದ್ದೇನೆ. ಸಿಪ್ಪೆಯ ತುಂಡು ಕೈಯಲ್ಲಿ ಹೇಗೆ ಕುಳಿತುಕೊಳ್ಳುತ್ತದೆ ಎಂಬುದು ಮಾತ್ರ ನನಗೆ ಗೊತ್ತಾದದ್ದು ಆ ಮಳೆಗಾಲದಲ್ಲಿ.

ಪೇಟೆಯಿಂದ ತಂದ ಹಸಿರು ಪ್ಯಾಡು ನೈಲಾನಿನಂತಹ ಕೃತಕ ನೂಲಿಗೆ ಗಡಸು ಪುಡಿಯನ್ನು ಅಂಟಿಸಿ ಮಾಡಿದ್ದು. ಅದು ಚೆನ್ನಾಗಿಯೇ ತಿಕ್ಕುತ್ತದೆ, ಸುಳ್ಳು ಹೇಳಬಾರದು. ಆದರೆ ಸವೆದಂತೆಲ್ಲ ಅದರ ಚೂರುಗಳು ನೀರಿನೊಂದಿಗೆ ಬಾಳೆಯ ಬುಡಕ್ಕೆ ಹೋಗುತ್ತವೆ; ಎರಡು ವಾರಕ್ಕೆ ನಾರುವ ಅದನ್ನು ಎಸೆಯಲು ಜಾಗ ಹುಡುಕಬೇಕು. ಸಿಪ್ಪೆಯ ತುಂಡನ್ನು ನಾಲ್ಕು ದಿನಕ್ಕೊಮ್ಮೆ ಬಚ್ಚಲಿನ ಒಲೆಗೆ ಹಾಕಿ ಹೊಸದನ್ನು ಕಿತ್ತುಕೊಳ್ಳಬಹುದು. ಮಳೆಗಾಲದಲ್ಲಿ ಅದು ಒಣಗುವುದಿಲ್ಲ ಎಂಬುದೊಂದೇ ತಕರಾರು. ಅದಕ್ಕೆ ಅಮ್ಮನ ಪರಿಹಾರ, ಹಂಡೆಯ ಒಲೆಯ ಪಕ್ಕದ ಗೋಡೆಗೆ ಹೊಡೆದ ಒಂದು ಮೊಳೆ. ಅರುವತ್ತು ವರ್ಷದಿಂದ ಆ ಮೊಳೆ ಅಲ್ಲೇ ಇತ್ತಂತೆ. ನಾನು ಅದರಲ್ಲಿ ಬೈರಾಸು ನೇತುಹಾಕಿ ಸ್ನಾನ ಮಾಡುತ್ತಿದ್ದೆ.

ಬೂದಿಯ ವಿಷಯಕ್ಕೆ ಬಂದಾಗ ನನ್ನ ಮುಖ ಇನ್ನಷ್ಟು ಸಣ್ಣದಾಯಿತು. ಪೊಟ್ಯಾಸಿಯಂ ಎಂಬ ಧಾತುವಿನ ಹೆಸರು ಹೇಗೆ ಬಂತು ಎಂದು ನಾನು ಪ್ರತಿವರ್ಷ ಮಕ್ಕಳಿಗೆ ಕತೆಯಂತೆ ಹೇಳುತ್ತಿದ್ದೆ: ಗಿಡಮರಗಳ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಡಕೆಯಲ್ಲಿ ಬತ್ತಿಸಿದರೆ ಸಿಗುವ ಉಪ್ಪು 'ಪಾಟ್ ಆಶ್', ಎಂದರೆ ಮಡಕೆಯ ಬೂದಿ, 1807ರಲ್ಲಿ ಹಂಫ್ರಿ ಡೇವಿ ಆ ಮೂಲದಿಂದ ಲೋಹವನ್ನು ಬೇರ್ಪಡಿಸಿ ಅದೇ ಹೆಸರಿಟ್ಟ, ಅದರ ಸಂಕೇತ 'ಕೆ' ಬಂದದ್ದೂ ಅರಬ್ಬಿಯಲ್ಲಿ ಗಿಡದ ಬೂದಿಗೆ ಹೇಳುವ 'ಅಲ್ ಕಲಿ'ಯಿಂದ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಅದೇ ಹೊತ್ತಿಗೆ ಮನೆಯಲ್ಲಿ ಅಮ್ಮ ಗೆರಟೆಯಲ್ಲಿ ಬೂದಿ ತುಂಬಿಸಿಟ್ಟು ಜಿಡ್ಡಿನ ಬಾಣಲೆಯನ್ನು ತಿಕ್ಕುತ್ತಿದ್ದರು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟು ಕ್ಷಾರ. ಅದು ಎಣ್ಣೆಯೊಂದಿಗೆ ಸೇರಿದಾಗ ಅಲ್ಲಿಯೇ ಸ್ವಲ್ಪಮಟ್ಟಿಗೆ ಸಾಬೂನು ಹುಟ್ಟಿಕೊಳ್ಳುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಸಿಯಂ ವಿಶೇಷವಾಗಿ ಹೆಚ್ಚು. ಹಾಗಾಗಿ ಕೊಳೆಯನ್ನು ಕೆರೆಯುವ ನಾರು ಮತ್ತು ಕೊಳೆಯನ್ನು ಕರಗಿಸುವ ಪುಡಿ ಎರಡೂ ಒಂದೇ ಕಾಯಿಯಿಂದ ಬಂದವು, ಅದನ್ನು ಇಡುವ ಪಾತ್ರೆಯೂ ಅದೇ ಕಾಯಿಯ ಗೆರಟೆ. ನನ್ನ ಪಾಠದ ಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಇರಲಿಲ್ಲ. ನಾನು ಅದನ್ನು ಒಮ್ಮೆಯೂ ಹೇಳಲಿಲ್ಲ.

ಕ್ಷಾರವೆಂದ ಮೇಲೆ ಅದರ ಮಿತಿಯೂ ಇದೆ. ಹುರುಪಿನಲ್ಲಿ ಅಲ್ಯುಮಿನಿಯಮಿನ ತಪ್ಪಲೆಗೆ ಬೂದಿ ಹಾಕಲು ಹೊರಟಾಗ ಜಗಲಿಯಿಂದ ಧ್ವನಿ ಬಂತು: "ಅಲ್ಯುಮಿನಿಯಕ್ಕೆ ಬೂದಿ ಹಾಕೆಡ." ಅಲ್ಯುಮಿನಿಯಮಿನ ಮೈಮೇಲೆ ಅದನ್ನು ಕಾಪಾಡುವ ಆಕ್ಸೈಡಿನ ತೆಳುಪದರವಿರುತ್ತದೆ, ಕ್ಷಾರ ತಗುಲಿದರೆ ಆ ಪದರ ಕರಗಿ ಪಾತ್ರೆ ಮಂಕಾಗುತ್ತದೆ. ಇದನ್ನು ಸಮೀಕರಣ ಬರೆದು ತೋರಿಸಬಲ್ಲವನು ನಾನು, ತಡೆದವರು ಅಮ್ಮ. ಬೂದಿಯನ್ನು ಜಾಲಿಸದೆ ಬಳಸಬಾರದು, ಅದರೊಳಗಿನ ಮರಳು ಮತ್ತು ಕೆಂಡದ ಚೂರು ಗೀರು ಬೀಳಿಸುತ್ತವೆ ಎಂಬುದನ್ನೂ, ಹೆಚ್ಚು ದಿನ ಬೂದಿ ಮುಟ್ಟಿದರೆ ಬೆರಳ ತುದಿ ಬಿರಿಯುತ್ತದೆ, ರಾತ್ರಿ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು ಎಂಬುದನ್ನೂ ಆ ವಾರವೇ ಕಲಿತೆ. ನಾನ್‌ಸ್ಟಿಕ್ ಪಾತ್ರೆಗೆ ಸಿಪ್ಪೆಯೂ ಸಲ್ಲದು, ಬೂದಿಯೂ ಸಲ್ಲದು. ಅದಕ್ಕೆ ಹಳೆಯ ಹತ್ತಿಬಟ್ಟೆ ಮತ್ತು ಬಿಸಿನೀರು ಸಾಕು.

ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಿಗೆ ಹುಳಿ ಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ಯಾರೂ ಆ ಕೆಲಸಕ್ಕೆ ಒಳ್ಳೆಯ ಹುಳಿಯನ್ನು ಬಳಸಿದವರಲ್ಲ. ಸಾರಿಗೆ ಹಿಂಡಿ ಉಳಿದ ಹುಣಸೆಯ ಚರಟ, ಪಾನಕ ಮಾಡಿದ ಮೇಲಿನ ನಿಂಬೆಯ ಸಿಪ್ಪೆ, ಮರದ ಬುಡದಲ್ಲಿ ಬಿದ್ದು ಹಾಳಾಗುವ ಬಿಂಬುಳಿಯೆಂಬ ಹುಳಿಕಾಯಿ, ಇವಕ್ಕೆ ಆ ಹೊಣೆ. ಅದಕ್ಕೊಂದು ಚಿಟಿಕೆ ಉಪ್ಪು ಸೇರಿಸಿದರೆ ಕೆಲಸ ಬೇಗ. ತಾಮ್ರದ ಮೇಲೆ ಕೂತ ಕಪ್ಪು ಆಕ್ಸೈಡನ್ನು ಆಮ್ಲ ಕರಗಿಸುತ್ತದೆ, ಲೋಹ ಹೊಳೆಯುತ್ತದೆ, ಪವಾಡವೇನೂ ಇಲ್ಲ. ಆದರೆ ರಸಾಯನಶಾಸ್ತ್ರದ ಮೇಷ್ಟ್ರಿಗೆ ಸಹಜವಾದ ಒಂದು ಅಹಂಕಾರವಿರುತ್ತದೆ: ಸ್ವಲ್ಪ ಹೊತ್ತಿನಲ್ಲಿ ಇಷ್ಟು ಹೊಳೆದದ್ದು ಇಡೀ ರಾತ್ರಿ ನೆನೆದರೆ ಎಷ್ಟು ಹೊಳೆಯಬೇಡ! ದೇವರ ಕೋಣೆಯ ಕಾಲುದೀಪವನ್ನು ಬಿಂಬುಳಿ ಜಜ್ಜಿದ ನೀರಿನಲ್ಲಿ ಮುಳುಗಿಸಿಟ್ಟು ಮಲಗಿದೆ. ಬೆಳಗ್ಗೆ ನೋಡುವಾಗ ದೀಪ ಅಲ್ಲಲ್ಲಿ ನಸುಗೆಂಪಾಗಿತ್ತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ. ಹೆಚ್ಚು ಹೊತ್ತು ಆಮ್ಲದಲ್ಲಿದ್ದರೆ ಮೇಲ್ಮೈಯ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ಅಮ್ಮ ಬೈಯಲಿಲ್ಲ. ದೀಪಕ್ಕೂ ನಾಚಿಕೆಯಾಗಿದೆ ಎಂದು ನಕ್ಕರು. ಆ ನಸುಗೆಂಪು ಹೋಗಲು ಬೂದಿ ಮತ್ತು ಸಿಪ್ಪೆ ಹಿಡಿದು ಎರಡು ದಿನ ತಿಕ್ಕಬೇಕಾಯಿತು.

ಬಿಂಬುಳಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ನೀರಿಗೂ ಅದಕ್ಕೂ ಸಂಬಂಧವಿದೆ. ನನ್ನ ಬಾಲ್ಯದಲ್ಲಿ ಮನೆಗೆ ನೀರು ಬರುತ್ತಿದ್ದದ್ದು ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ. ಬಾಯಾರು, ಎಣ್ಮಕಜೆ, ಬದಿಯಡ್ಕದ ಕಡೆ ಅಂಥ ಸುರಂಗಗಳು ಇಂದಿಗೂ ಇವೆ. ಆ ನೀರು ಬಕೇಟಿನಲ್ಲಿ ಕಲೆ ಉಳಿಸುತ್ತಿರಲಿಲ್ಲ. ಅಡಿಕೆ ತೋಟಕ್ಕೆಂದು ಕೊರೆಸಿದ ಕೊಳವೆಬಾವಿಯ ನೀರನ್ನು ಮನೆಗೂ ಎಳೆದುಕೊಂಡ ಮೇಲೆ ಬಚ್ಚಲಿನ ಬಿಳಿ ಟೈಲ್ಸು, ಬಕೇಟು, ಶೌಚದ ಪಿಂಗಾಣಿ ಎಲ್ಲದರ ಮೇಲೆ ಕಂದು ಬಣ್ಣದ ಗೆರೆ ಮೂಡತೊಡಗಿತು. ಭೂಮಿಯೊಳಗಿನಿಂದ ಬರುವಾಗ ಆ ನೀರು ತಿಳಿಯಾಗಿಯೇ ಇರುತ್ತದೆ. ಅದರಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿದ ಮೇಲೆ ತುಕ್ಕಿನ ರೂಪಕ್ಕೆ ತಿರುಗಿ ಅಂಟಿಕೊಳ್ಳುತ್ತದೆ. ಸಾಬೂನಿಗೆ ಅದು ಜಗ್ಗುವುದಿಲ್ಲ. ತಿಕ್ಕಿದರೆ ಟೈಲ್ಸಿನ ಹೊಳಪು ಹೋಗುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ಅದು ಕಬ್ಬಿಣವನ್ನು ಹಿಡಿದುಕೊಂಡು ನೀರಿನಲ್ಲಿ ಕರಗುವ ವಸ್ತುವಾಗಿ ಮಾರ್ಪಡಿಸುತ್ತದೆ. ನಾಲ್ಕು ಬಿಂಬುಳಿಯನ್ನು ಜಜ್ಜಿ, ಕಲೆಯ ಮೇಲೆ ಹರಡಿ, ಕಾಲು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ನೀರಿನೊಂದಿಗೆ ಕಂದು ಬಣ್ಣ ಹರಿದುಹೋಗುವುದು ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿಗೆ ಬೇಕಾದ ನಾಲ್ಕು ಹಿಡಿ ಬಿಟ್ಟರೆ ಉಳಿದದ್ದೆಲ್ಲ ಮರದಡಿಯಲ್ಲೇ ಕೊಳೆಯುತ್ತಿದ್ದ ಆ ಕಾಯಿಯನ್ನು ಈಗ ನಾನು ಹೆಕ್ಕಿ ಲೆಕ್ಕ ಮಾಡಿ ಇಡುತ್ತೇನೆ.

ಇಲ್ಲಿಯೇ ನನ್ನ ಎರಡನೆಯ ಪ್ರಮಾದವನ್ನೂ ಬರೆದುಬಿಡುತ್ತೇನೆ. ಇದು ದೀಪದಂತೆ ನಕ್ಕು ಬಿಡುವಂಥದ್ದಲ್ಲ. ಬಚ್ಚಲಿನ ನೆಲದ ಪಾಚಿಗೆಂದು ಬ್ಲೀಚಿಂಗ್ ಪೌಡರ್ ಎರಚಿದ್ದೆ. ಬಾವಿಗೆ ಹಾಕಲೆಂದು ತಂದದ್ದು ಮನೆಯಲ್ಲಿತ್ತು. ಅದು ಒದ್ದೆಯಾಗಿ ಇನ್ನೂ ನೆಲದಲ್ಲಿರುವಾಗಲೇ ಗೋಡೆಯ ಕಲೆಗೆ ಬಿಂಬುಳಿಯ ರಸ ಸುರಿದೆ. ರಸ ಇಳಿದು ಪೌಡರನ್ನು ಮುಟ್ಟಿದ ಕೂಡಲೆ ಮೂಗಿಗೆ ಸೂಜಿ ಚುಚ್ಚಿದಂತಾಗಿ, ಕೆಮ್ಮು ಹತ್ತಿ, ಕಣ್ಣೀರು ಸುರಿಸುತ್ತ ಅಂಗಳಕ್ಕೆ ಓಡಿದೆ. ಬ್ಲೀಚಿಂಗ್ ಪೌಡರಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಇದು ಹತ್ತನೆಯ ತರಗತಿಯ ಪಾಠ. ಪ್ರಯೋಗಾಲಯದಲ್ಲಿ ಮಕ್ಕಳನ್ನು ನಾಲ್ಕು ಮಾರು ದೂರ ನಿಲ್ಲಿಸಿ ತೋರಿಸುತ್ತಿದ್ದ ಪ್ರಯೋಗವನ್ನು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ನನ್ನ ಮೇಲೆಯೇ ಮಾಡಿಕೊಂಡೆ. ಹುಣಸೆಯಾಗಲಿ, ನಿಂಬೆಯಾಗಲಿ, ವಿನೆಗರ್ ಆಗಲಿ, ಯಾವ ಹುಳಿಯನ್ನೂ ಬ್ಲೀಚಿಂಗಿನ ಹತ್ತಿರ ತರಬಾರದು. ಮನೆಯ ವಸ್ತುಗಳೆಂದ ಮಾತ್ರಕ್ಕೆ ಅವು ಸಾಧುವಲ್ಲ.

ಹಾಗೆಯೇ, ಅಡಿಗೆ ಸೋಡಕ್ಕೆ ವಿನೆಗರ್ ಸುರಿದು ನೊರೆ ಬರಿಸುವ ಉಪಾಯವನ್ನು ಈಗ ಎಲ್ಲರೂ ಎಲ್ಲರಿಗೂ ಕಳಿಸುತ್ತಿದ್ದಾರೆ. ನೊರೆ ನೋಡಲು ಚಂದ. ಆಮ್ಲ ಮತ್ತು ಕ್ಷಾರ ಪರಸ್ಪರ ಕೊಂದುಕೊಂಡು, ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ, ಕೊನೆಗೆ ಉಳಿಯುವುದು ಉಪ್ಪು ಕರಗಿದ ನೀರು. ಜಿಡ್ಡಿಗೆ ಸೋಡವನ್ನೂ ಕಲೆಗೆ ಹುಳಿಯನ್ನೂ ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಕೆಲಸವಿದೆ. ಅಮ್ಮ ಬೂದಿಯ ಗೆರಟೆಯನ್ನೂ ಹುಳಿಯ ಗೆರಟೆಯನ್ನೂ ಕಟ್ಟೆಯ ಎರಡು ತುದಿಗಳಲ್ಲಿ ಇಡುತ್ತಿದ್ದದ್ದು ಯಾಕೆಂದು ಕೇಳಿದರೆ, ಹತ್ತಿರವಿಟ್ಟರೆ ಎರಡೂ ಕೆಡುತ್ತವೆ ಎಂದರು. ಅಷ್ಟೇ ವಿವರಣೆ, ಅಷ್ಟೇ ಸಾಕು.

ಹಿಡಿಸೂಡಿಯ, ಎಂದರೆ ಕಡ್ಡಿಯ ಪೊರಕೆಯ, ಬಾಳುವೆಯನ್ನು ನಾನು ಮೊದಲ ಬಾರಿ ಗಮನಿಸಿದೆ. ತೆಂಗಿನ ಮಡಲಿನ ಗರಿಯಿಂದ ಕಡ್ಡಿ ಸೀಳಿ ಕಟ್ಟಿದ ಹೊಸ ಹಿಡಿಸೂಡಿ ಅಂಗಳಕ್ಕೆ. ತುದಿ ಸವೆದು ಗಡುಸಾದ ಮೇಲೆ ಅದು ಹಟ್ಟಿಗೆ ಹೋಗುತ್ತದೆ. ಮೊಣಕೈಯುದ್ದ ಉಳಿದಾಗ ಅದನ್ನು ಮತ್ತೆ ಬಿಗಿಯಾಗಿ ಕಟ್ಟಿ ಮೆಟ್ಟಿಲಿನ, ಬಾವಿಕಟ್ಟೆಯ ಪಾಚಿ ಉಜ್ಜಲು ಇಡುತ್ತಾರೆ. ಹೊಸದಕ್ಕೆ ಈ ಕೆಲಸ ಬಾರದು, ಕಡ್ಡಿ ಬಾಗುತ್ತದೆ. ಗಿಡ್ಡವಾದಷ್ಟೂ ಅದಕ್ಕೆ ಬಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಪಾಚಿ ಉಜ್ಜುವುದು ಸಣ್ಣ ಕೆಲಸವಲ್ಲ. ನನ್ನ ಹೆಂಡತಿ ಬಿದ್ದ ವರ್ಷ ಅಂಗಳ ಉಜ್ಜುವ ಮೋಟು ಹಿಡಿಸೂಡಿ ನಮ್ಮ ಮನೆಯಲ್ಲಿರಲಿಲ್ಲ. ಹಿಂದಿನ ಬೇಸಗೆಯಲ್ಲಿ, ಮನೆ ಸ್ವಚ್ಛ ಮಾಡುವ ಉತ್ಸಾಹದಲ್ಲಿ, ಕೆಲಸಕ್ಕೆ ಬಾರದ್ದೆಂದು ಅದನ್ನು ಒಲೆಗೆ ಹಾಕಿದವನು ನಾನೇ. ಇದನ್ನು ಅವಳು ಇಂದಿನವರೆಗೂ ಬಾಯಿ ಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ.

ಅಡಿಕೆಯ ಹಾಳೆಗೆ ಇದಕ್ಕಿಂತ ದೊಡ್ಡ ಚರಿತ್ರೆಯಿದೆ. ಮುಟ್ಟಾಳೆಯಾಗಿ ತಲೆಯ ಮೇಲೆ ಕೂತದ್ದು, ಎಳೆಮಕ್ಕಳನ್ನು ಮೀಯಿಸುವಾಗ ಮಲಗಿಸಿದ್ದು ಅದೇ. ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದದ್ದೂ ಹಾಳೆಯ ತುಂಡಿನಿಂದ. ಈಗ ನಮ್ಮ ಅಂಗಳಕ್ಕೆ ಸಿಮೆಂಟು ಬಂದಿದೆ, ಹಾಳೆ ತಟ್ಟೆಯ ಕಾರ್ಖಾನೆಗೆ ಹೋಗುತ್ತದೆ. ಆದರೂ ಹೊರಗಿನ ಕಸ ತುಂಬುವುದಕ್ಕೆ ನಾನು ಹಾಳೆಯ ತುಂಡನ್ನೇ ಬಳಸುತ್ತೇನೆ. ಪ್ಲಾಸ್ಟಿಕ್ಕಿನ ಮೊರಕ್ಕಿಂತ ಅದು ನೆಲಕ್ಕೆ ಚೆನ್ನಾಗಿ ಬಗ್ಗುತ್ತದೆ.

ತೋಟದ ಸಾಮಾನಿನ ವಿಷಯದಲ್ಲಿ ಮಾತ್ರ ಅಮ್ಮನದು ಕಡಕ್ ಕಟ್ಟಳೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಕಲಸುತ್ತಾರೆ. ಆ ಮೈಲುತುತ್ತು ಕರಗಿಸಿದ ಬಾಲ್ದಿ ಎಷ್ಟೇ ಗಟ್ಟಿಯಾಗಿರಲಿ, ಎಷ್ಟೇ ತೊಳೆದಿರಲಿ, ಮನೆಯೊಳಗೆ ನೆಲ ಒರೆಸಲೂ ಬರಕೂಡದು. ಮದ್ದಿನ ಡಬ್ಬಿಗಳಂತೂ ಮೆಟ್ಟಿಲು ಹತ್ತುವಂತಿಲ್ಲ. ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೂ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆ ಇದು. ಆ ಕಟ್ಟಳೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಬಟ್ಟೆಯ ಮಾತಿಗೆ ಬರುತ್ತೇನೆ. ನಿಜವಾಗಿ ನಾನು ಬರೆಯಬೇಕೆಂದುಕೊಂಡದ್ದು ಅದನ್ನೇ.

ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅವರ ಬೈರಾಸುಗಳು ಇನ್ನೂ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿವೆ. ಮೈ ಒರೆಸುವ ಬೈರಾಸು ನೂಲು ಸಡಿಲವಾದ ಮೇಲೆ ಅಡುಗೆಮನೆಯಲ್ಲಿ ಕೈ ಒರೆಸುವುದಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಅಲ್ಲಿಂದ ನೆಲ. ನೆಲದಿಂದ ಸೈಕಲ್ಲಿನ ಚೈನು. ಬಿಳಿ ಮುಂಡಿನ ದಾರಿ ಬೇರೆ: ಅಂಚು ಹರಿದದ್ದು ಮಗುವಿನ ಬಟ್ಟೆಯಾಗಿ, ಕೆಲವು ಪಟ್ಟಿಗಳು ದೀಪದ ಬತ್ತಿಯಾಗಿ, ಉಳಿದದ್ದು ಗಾಜು ಒರೆಸುವ ಚೌಕಗಳಾಗಿ. ಯಾವ ಬಟ್ಟೆ ಎಷ್ಟನೆಯ ಮೆಟ್ಟಿಲಲ್ಲಿದೆ ಎಂಬುದು ಅಮ್ಮನಿಗೆ ಮುಟ್ಟಿದರೆ ಗೊತ್ತಾಗುತ್ತಿತ್ತು, ಒಂದು ಮೆಟ್ಟಿಲು ಹಾರಿಸಿ ಕೆಳಗಿಳಿಸಲು ಅವರು ಬಿಡುತ್ತಿರಲಿಲ್ಲ. ಕೈ ಒರೆಸುವ ಬಟ್ಟೆಯಲ್ಲಿ ನಾನೊಮ್ಮೆ ಚಪ್ಪಲಿ ಒರೆಸಿದ್ದಕ್ಕೆ ಆ ಬಟ್ಟೆ ಅಂದೇ ನೆಲಕ್ಕಿಳಿಯಿತು. ನನಗೆ ಎರಡು ದಿನ ಅದರ ಬಗ್ಗೆ ಕೇಳಬೇಕಾಯಿತು.

ಹತ್ತಿಯ ನೂಲು ಸೆಲ್ಯುಲೋಸಿನದು, ನೀರನ್ನು ಹಿಡಿದುಕೊಳ್ಳುವ ಗುಣ ಅದರ ಅಣುವಿನಲ್ಲೇ ಇದೆ. ಹೊಸ ಬಟ್ಟೆಯಲ್ಲಿ ಗಂಜಿ, ಮೇಣ ಇರುವುದರಿಂದ ಅದು ಅಷ್ಟಾಗಿ ಹೀರುವುದಿಲ್ಲ. ಒಗೆದು ಒಗೆದು ಅದೆಲ್ಲ ಹೋದ ಮೇಲೆ ಅದರ ನಿಜವಾದ ಬಾಯಾರಿಕೆ ತೆರೆದುಕೊಳ್ಳುತ್ತದೆ. ಹಳತಾದಷ್ಟೂ ಒರೆಸುವುದಕ್ಕೆ ಒಳ್ಳೆಯದಾಗುವ ವಸ್ತು ಅದು. ಪಾಲಿಯೆಸ್ಟರಿಗೆ ಆ ಗುಣವಿಲ್ಲ. ಅದು ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುತ್ತದೆ, ಅಷ್ಟೆ. ಆ ಮಳೆಗಾಲದಲ್ಲಿ ಒರೆಸುವ ಬಟ್ಟೆ ಸಾಲದೆ ನನ್ನ ಕಪಾಟು ತೆರೆದಾಗ ಈ ಸತ್ಯ ಎದುರಿಗೆ ಬಂತು. ಹದಿನೈದು ವರ್ಷಗಳಲ್ಲಿ ನಾನು ಕೊಂಡ ಅಂಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಸ್ತ್ರಿ ಬೇಡವೆಂಬ ಆಸೆಗೆ ಕೊಂಡವು. ಹರಿದ ಮೇಲೆ ಅವುಗಳಿಂದ ಒಂದು ಮೇಜನ್ನೂ ಒರೆಸಲಾಗದು. ಹಳೆಯದನ್ನು ಮರುಬಳಕೆ ಮಾಡಬೇಕೆಂದು ನಾವು ತೀರ್ಮಾನಿಸುವುದು ಅದು ಹಳತಾದ ಮೇಲೆ. ಆದರೆ ಆ ತೀರ್ಮಾನ ಬಟ್ಟೆಯಂಗಡಿಯಲ್ಲಿ, ಹಣ ಕೊಡುವ ಹೊತ್ತಿಗೇ ಆಗಿಹೋಗಿರುತ್ತದೆ. ಅಂಗಡಿಯಲ್ಲಿ ಅಮ್ಮ ಸೆರಗಿನ ಮೂಲೆಯನ್ನು ಎರಡು ಬೆರಳ ನಡುವೆ ಹೊಸೆದು ನೋಡುತ್ತಿದ್ದದ್ದು ಬಣ್ಣದ ಪರೀಕ್ಷೆಯೆಂದು ನಾನು ಎಣಿಸಿದ್ದೆ.

ಪ್ಲಾಸ್ಟಿಕ್ಕಿಗೆ ಎರಡನೆಯ ಬಾಳುವೆಯೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹಲ್ಲುಜ್ಜುವ ಬ್ರಶ್ಶಿಗೆ ನೈಲಾನಿನ ಕೂದಲು ಬಂದದ್ದು 1938ರಲ್ಲಿ. ನಲ್ಲಿಯ ಬುಡ, ಮಿಕ್ಸಿಯ ಬ್ಲೇಡಿನ ಸಂದು, ಹೊಲಿಗೆಯಂತ್ರದ ಹಲ್ಲು, ಕಿಟಕಿಯ ಸರಳಿನ ಮೂಲೆ, ಇಷ್ಟಕ್ಕೆ ಅದಕ್ಕಿಂತ ಒಳ್ಳೆಯ ಆಯುಧವನ್ನು ನಾನು ಕಂಡಿಲ್ಲ. ಅಮ್ಮನೂ ಒಪ್ಪಿಕೊಂಡ ಪ್ಲಾಸ್ಟಿಕ್ ಅದೊಂದೇ. ಉಳಿದದ್ದನ್ನು ತೊಳೆದು, ಒಣಗಿಸಿ, ಮನೆಮನೆಯ ಒಣಕಸ ಒಯ್ಯಲು ತಿಂಗಳಿಗೊಮ್ಮೆ ಬರುವ ಹರಿತ ಕರ್ಮ ಸೇನೆಯ ಹೆಂಗಸರಿಗೆ 50 ರೂಪಾಯಿಯೊಂದಿಗೆ ಕೊಡುತ್ತೇವೆ. ಅವರು ಮಲಯಾಳದಲ್ಲಿ ಕೇಳುತ್ತಾರೆ, ಅಮ್ಮ ತುಳುವಿನಲ್ಲಿ ಉತ್ತರಿಸುತ್ತಾರೆ, ವ್ಯವಹಾರ ಸುಗಮವಾಗಿ ನಡೆಯುತ್ತದೆ. ಕಳೆದ ತಿಂಗಳು ಅವರಲ್ಲೊಬ್ಬಾಕೆ ನಮ್ಮ ಗೋಣಿಯನ್ನು ಎತ್ತಿ ನೋಡಿ, ಈ ಮನೆಯದು ಯಾವಾಗಲೂ ಹಗುರ ಎಂದಳು. ಅಮ್ಮ ಅದನ್ನು ಪ್ರಶಸ್ತಿಯಂತೆ ಸ್ವೀಕರಿಸಿದರು.

ಪ್ರಶಸ್ತಿಯೆಂದಾಗ ಶಾಲುಗಳ ನೆನಪಾಗುತ್ತದೆ. ನಾನು ನಿವೃತ್ತನಾದ ವರ್ಷ ಶಾಲೆಯಲ್ಲೊಂದು, ಹಳೆ ವಿದ್ಯಾರ್ಥಿಗಳದ್ದೊಂದು, ಊರಿನ ಯುವಕಸಂಘದ್ದೊಂದು, ದೇವಸ್ಥಾನದ್ದೊಂದು ಎಂದು ಒಟ್ಟು ಏಳು ಶಾಲು ಹೊದೆಸಿಕೊಂಡಿದ್ದೆ. ಜರಿಯಂಚಿನ, ಗರಗರ ಎನ್ನುವ, ಹೊದೆದರೆ ಬೆಚ್ಚಗಾಗದ, ಹಾಸಿದರೆ ಜಾರುವ ಶಾಲುಗಳು. ಒರೆಸುವ ಬಟ್ಟೆ ಮುಗಿದ ಆ ದಿನ ಒಂದನ್ನು ತೆಗೆದು ಅಮ್ಮನ ಮಡಿಲಲ್ಲಿ ಇಟ್ಟೆ. ಅವರು ಮೂಲೆಯನ್ನು ಎರಡು ಬೆರಳಲ್ಲಿ ಹೊಸೆದರು. ಪಕ್ಕದಲ್ಲಿದ್ದ ಲೋಟದಿಂದ ಎರಡು ಹನಿ ನೀರು ಚಿಮುಕಿಸಿದರು. ಹನಿಗಳು ಜರಿಯಂಚಿನವರೆಗೆ ಉರುಳಿ ನೆಲಕ್ಕೆ ಬಿದ್ದವು.

"ಇದು ನೀರು ಕುಡಿತ್ತಿಲ್ಲೆ ಮಾಣಿ" ಎಂದು ಮಡಚಿ ಹಿಂದೆ ಕೊಟ್ಟರು.

ಹೆಂಡತಿಯ ಕೈ ಸರಿಯಾಗಿದೆ. ಆದರೂ ರಾತ್ರಿಯ ಪಾತ್ರೆಗಳು ನನ್ನ ಪಾಲಿಗೇ ಉಳಿದಿವೆ. ಒಲೆಯ ಪಕ್ಕದ ಮೊಳೆಯಿಂದ ನನ್ನ ಬೈರಾಸನ್ನು ತೆಗೆದು ಬೇರೆ ಕಡೆ ನೇತುಹಾಕಿದ್ದೇನೆ. ಅಂಗಳಕ್ಕೆ ಮೋಟು ಹಿಡಿಸೂಡಿ ಒಂದಲ್ಲ, ಎರಡು ಇವೆ. ಶಾಲುಗಳಲ್ಲಿ ಆರು ಕಪಾಟಿನಲ್ಲಿವೆ. ಏಳನೆಯದನ್ನು, ಯಾವುದಾದರೂ ಒಂದು ಕೆಲಸಕ್ಕೆ ಬರಲಿ ಎಂದು, ಟಿವಿಗೆ ಹೊದೆಸಿದ್ದೇವೆ. ಬೇಸಗೆಯಲ್ಲಿ ಅದರ ಮೇಲೆ ಕೆಂಪು ಧೂಳು ಕೂರುತ್ತದೆ. ವಾರಕ್ಕೊಮ್ಮೆ ಅಪ್ಪನ ಬೈರಾಸಿನ ತುಂಡನ್ನು ಒದ್ದೆ ಮಾಡಿ ನಾನು ಅದನ್ನು ಒರೆಸುತ್ತೇನೆ.